617 ಓಟುಗಳು ಹಾಳಾದವೇ?

ಚುನಾವಣೆ ಹತ್ತಿರ ಬಂತೆಂದರೆ ಗಿರಣಿಯ ಗೇಟಿನ ಮುಂದೆ, ಚಹದ ಅಂಗಡಿಗಳಲ್ಲಿ, ಪೇಟೆಯ ಕಟ್ಟೆಗಳ ಮೇಲೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ನಿಮ್ಮ ಮನುಷ್ಯ ಒಳ್ಳೆಯವನೇ, ಇಲ್ಲವೆನ್ನುವುದಿಲ್ಲ. ಆದರೆ ಗೆಲ್ಲುವವನಲ್ಲ. ಸುಮ್ಮನೆ ಓಟು ಏಕೆ ಹಾಳು ಮಾಡಬೇಕು?” ಹೀಗೆ ಹೇಳುವವರೆಲ್ಲ ನಮ್ಮ ವೈರಿಗಳಲ್ಲ. ಬಹಳ ಮಂದಿ ನಮ್ಮವರೇ. ಪಾಳಿ ಮುಗಿಸಿ ದಣಿದು ಬಂದ ಕಾರ್ಮಿಕ, ದಿನವಿಡೀ ಉದ್ರಿ ಕೊಟ್ಟು ಸಂಜೆಗೆ ಗಲ್ಲೆ ಎಣಿಸುವ ಅಂಗಡಿಕಾರ, ಇವರಿಗೆ ಇರುವುದು ಒಂದೇ ಓಟು. ಅದನ್ನು ನೀರಿಗೆ ಚೆಲ್ಲಲು ಅವರಿಗೆ ಮನಸ್ಸಾಗದಿದ್ದರೆ ತಪ್ಪೇನು? ಆದ್ದರಿಂದ ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಇದಕ್ಕೆ ಲೆಕ್ಕ ಸಮೇತ ಉತ್ತರ ಹೇಳಬೇಕು.

ಆ ಉತ್ತರಕ್ಕಾಗಿ ನಾವು ವಾಚಕರನ್ನು ಸ್ವಲ್ಪ ದೂರ ಕರೆದೊಯ್ಯುತ್ತೇವೆ. ವಿಕ್ಟೋರಿಯಾ ರಾಣಿ ಇಂಗ್ಲೆಂಡನ್ನೂ ಆಳುತ್ತಿದ್ದ, ನಮ್ಮನ್ನೂ ಆಳುತ್ತಿದ್ದ ಕಾಲ. 1888ನೆಯ ಇಸವಿ ಏಪ್ರಿಲ್ 27. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಗ್ನೇಯಕ್ಕೆ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಮಿಡ್ ಲ್ಯಾನಾರ್ಕ್ ಎಂಬ ಕ್ಷೇತ್ರ. ಅಂದು ಅಲ್ಲಿ ಪಾರ್ಲಿಮೆಂಟಿಗೆ ಒಂದು ಉಪಚುನಾವಣೆ ನಡೆಯಿತು. ಮೂವರು ಉಮೇದುವಾರರು. ಅದರಲ್ಲಿ ಮೂರನೆಯವನಾಗಿ ಸೋತವನ ಕಥೆಯೇ ಇಂದಿನ ನಮ್ಮ ವಿಷಯ.

ಗಣಿಯ ಸೀಮೆ

ಲ್ಯಾನಾರ್ಕ್ ಜಿಲ್ಲೆಯೆಂದರೆ ಆ ಕಾಲಕ್ಕೆ ಕಲ್ಲಿದ್ದಲು ಮತ್ತು ಕಬ್ಬಿಣ. ಹಗಲು ಬೆಳಕು ಕಾಣದೆ ನೆಲದ ಕೆಳಗೆ ದುಡಿಯುವ ಸಾವಿರಾರು ಜನ. ಅವರು ವಾಸಿಸುತ್ತಿದ್ದುದು ಕಂಪನಿಯವರು ಕಟ್ಟಿಸಿದ ಸಾಲುಮನೆಗಳಲ್ಲಿ. ಕೆಲಸ ಹೋದರೆ ಮನೆಯೂ ಹೋಯಿತು. ಮುಷ್ಕರ ಹೂಡಿದರೆ ಹೆಂಡತಿ ಮಕ್ಕಳು ಬೀದಿಗೆ. ಎಷ್ಟೋ ಕಡೆ ಗಣಿಯ ಒಡೆಯರದೇ ಅಂಗಡಿ. ಕೂಲಿಯ ಹಣ ಬಟವಾಡೆಗೆ ಮುಂಚೆ ಬೇಕೆಂದವನು ಅದೇ ಅಂಗಡಿಯಲ್ಲಿ ಸಾಮಾನು ಕೊಳ್ಳಬೇಕು. ಕೂಲಿಯನ್ನು ನಗದಾಗಿಯೇ ಕೊಡಬೇಕೆಂದು 1831ರಲ್ಲೇ ಕಾನೂನಾಗಿತ್ತು. ಆದರೂ 1871ರಲ್ಲಿ ಸರಕಾರವೇ ನೇಮಿಸಿದ ವಿಚಾರಣಾ ಸಮಿತಿ ಸ್ಕಾಟ್ಲೆಂಡಿನ ಗಣಿ ಮತ್ತು ಕಬ್ಬಿಣದ ಕಾರಖಾನೆಗಳಲ್ಲಿ ಈ ಪದ್ಧತಿ ಇನ್ನೂ ಜೀವಂತವಾಗಿರುವುದನ್ನು ಕಂಡಿತು. ಒಡೆಯನ ಅಂಗಡಿ ಇದ್ದ ಊರಿನಲ್ಲಿ ಸಣ್ಣ ಅಂಗಡಿಕಾರ ಹೇಗೆ ಬದುಕಬೇಕು? ಕೂಲಿಯವನ ಕೊರಳಿಗೆ ಬಿದ್ದ ಹಗ್ಗದ ಇನ್ನೊಂದು ಕೊನೆ ಸಣ್ಣ ವ್ಯಾಪಾರಿಯ ಕೊರಳಿಗೂ ಬಿದ್ದಿತ್ತು. ನಮ್ಮ ಪೇಟೆಯ ಮಿತ್ರರು ಈ ಮಾತನ್ನು ಗಮನಿಸಬೇಕು.

ಇನ್ನು ಗಣಿಯ ಕೆಳಗಿನ ಸ್ಥಿತಿ. 1877ರ ಅಕ್ಟೋಬರಿನಲ್ಲಿ ಅದೇ ಜಿಲ್ಲೆಯ ಬ್ಲ್ಯಾಂಟೈರ್ ಎಂಬಲ್ಲಿ ಗಣಿಯೊಳಗೆ ಅನಿಲ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. 1887ರ ಮೇ ತಿಂಗಳಿನಲ್ಲಿ, ಎಂದರೆ ನಾವು ಹೇಳುತ್ತಿರುವ ಚುನಾವಣೆಗೆ ಕೇವಲ 11 ತಿಂಗಳ ಹಿಂದೆ, ಉಡ್‌ಸ್ಟನ್ ಗಣಿಯಲ್ಲಿ ಮತ್ತೆ ಸಿಡಿದು 73 ಜನ ಸತ್ತರು. ಅದೇ ವರ್ಷದ ಫೆಬ್ರವರಿಯಲ್ಲಿ ಕೂಲಿಗಾಗಿ ಮುಷ್ಕರ ನಡೆದಾಗ ಬ್ಲ್ಯಾಂಟೈರಿನಲ್ಲಿ ಹಸಿದ ಜನ ಅಂಗಡಿಗಳಿಗೆ ನುಗ್ಗಿದರು. ಕುದುರೆ ಸವಾರ ಸೈನ್ಯ ಬಂತು. ನಷ್ಟವಾದದ್ದು ಯಾರಿಗೆ? ಹಸಿದವನಿಗೆ ಮತ್ತು ಸಣ್ಣ ಅಂಗಡಿಕಾರನಿಗೆ. ಗಣಿಯ ಒಡೆಯನ ಬಂಗಲೆಗೆ ಒಂದು ಕಲ್ಲೂ ಬೀಳಲಿಲ್ಲ. ನೆಲದ ಒಡೆಯರಾದ ಹ್ಯಾಮಿಲ್ಟನ್ ಡ್ಯೂಕರಂಥವರಿಗೆ ಮೇಲೆ ಬಂದ ಒಂದೊಂದು ಟನ್ನಿಗೆ ಇಷ್ಟೆಂದು ರಾಜಧನ ತಪ್ಪದೆ ಸಲ್ಲುತ್ತಿತ್ತು. ಅವರು ಒಂದು ಗುದ್ದಲಿ ಹಿಡಿದವರಲ್ಲ. ನೆಲ ಅವರದು, ಆದ್ದರಿಂದ ನೆಲದ ಹೊಟ್ಟೆಯಲ್ಲಿದ್ದುದೂ ಅವರದು!

ಓಟು ಯಾರಿಗಿತ್ತು?

ಇಂಥ ಕ್ಷೇತ್ರದಲ್ಲಿ ಗಣಿ ಕೂಲಿಯೊಬ್ಬನು ಸುಲಭವಾಗಿ ಗೆಲ್ಲಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಕಾಲದ ಕಾನೂನನ್ನು ಸ್ವಲ್ಪ ನೋಡೋಣ. ಪಟ್ಟಣದ ಕೂಲಿಗಾರರಲ್ಲಿ ಮನೆವಾರ್ತೆ ಇದ್ದವರಿಗೆ 1867ರಲ್ಲಿ ಓಟು ಬಂತು. ಗಣಿಗಳಿದ್ದ ಹಳ್ಳಿಗಾಡಿನ ಕೂಲಿಗಾರರಿಗೆ ಅದು ಬಂದದ್ದು 1884ರಲ್ಲಿ. ಆಗಲೂ ಎಲ್ಲರಿಗೂ ಅಲ್ಲ. ತನ್ನ ಹೆಸರಿನಲ್ಲಿ ಮನೆ ಇರಬೇಕು. ತಂದೆಯ ಮನೆಯಲ್ಲಿರುವ ದೊಡ್ಡ ಮಗನಿಗೆ ಓಟಿಲ್ಲ, ಊರಿಂದೂರಿಗೆ ಕೆಲಸ ಹುಡುಕಿ ಅಲೆಯುವವನಿಗೆ ಓಟಿಲ್ಲ. ಪ್ರಾಯಕ್ಕೆ ಬಂದ ಗಂಡಸರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಹೊರಗೇ ಉಳಿದರು. ಹೆಂಗಸರಂತೂ 1918ರವರೆಗೆ ಪಾರ್ಲಿಮೆಂಟಿನ ಮತಗಟ್ಟೆಯ ಮೆಟ್ಟಿಲು ಹತ್ತಲಿಲ್ಲ.

ಓಟಿದ್ದವನಿಗಾದರೂ ನಿಲ್ಲುವ ಶಕ್ತಿ ಇತ್ತೇ? ಪಾರ್ಲಿಮೆಂಟಿನ ಸದಸ್ಯನಿಗೆ ಒಂದು ಕಾಸಿನ ಸಂಬಳವಿಲ್ಲ. ಲಂಡನ್ನಿನಲ್ಲಿ ಸ್ವಂತ ಖರ್ಚಿನಿಂದ ಇರಬೇಕು. ಅದಕ್ಕೂ ಮೊದಲು ಚುನಾವಣೆ ನಡೆಸುವ ಅಧಿಕಾರಿಯ ಖರ್ಚು, ಮತಗಟ್ಟೆಗಳ ಖರ್ಚು, ಗುಮಾಸ್ತರ ಖರ್ಚು ಎಲ್ಲವನ್ನೂ ಉಮೇದುವಾರರೇ ಕೊಡಬೇಕು. ಎಂದರೆ ಬಾಗಿಲು ತೆರೆದಿದೆ ಎಂದು ಬೋರ್ಡು ಹಾಕಿ ಹೊಸ್ತಿಲಲ್ಲಿ ಸುಂಕದ ಕಟ್ಟೆ ಇಟ್ಟಂತೆ.

ಆದ್ದರಿಂದ ಕೂಲಿಗಾರರು ಹಿಡಿದ ದಾರಿ ಲಿಬರಲ್ ಪಕ್ಷದ ನೆರಳು. ಜಮೀನುದಾರರ ಮತ್ತು ರಾಜವಂಶದ ಪಕ್ಷ ಟೋರಿಗಳದು. ಅದಕ್ಕೆದುರಾಗಿ ವ್ಯಾಪಾರಸ್ಥರ, ಕಾರಖಾನೆದಾರರ, ಸುಧಾರಕರ ಪಕ್ಷ ಲಿಬರಲರದು. ಅದರ ಮುಖಂಡ ಗ್ಲ್ಯಾಡ್‌ಸ್ಟನ್. 1874ರಲ್ಲಿ ಗಣಿ ಕಾರ್ಮಿಕರ ಇಬ್ಬರು ಮುಂದಾಳುಗಳು, ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಮತ್ತು ಥಾಮಸ್ ಬರ್ಟ್, ಲಿಬರಲರ ಸ್ನೇಹದಿಂದಲೇ ಪಾರ್ಲಿಮೆಂಟು ಸೇರಿದ್ದರು. ಅಲ್ಲಿ ಇಲ್ಲಿ ಒಂದೊಂದು ಸೀಟು ಬಿಟ್ಟುಕೊಡುವುದು, ಉಳಿದ ಕಡೆಯೆಲ್ಲ ಕೂಲಿಗಾರರ ಓಟು ಪಡೆಯುವುದು, ಇದು ಲಿಬರಲರ ಪದ್ಧತಿ. ದೊಡ್ಡ ಮನೆಯ ಊಟದ ಪಂಕ್ತಿಯಲ್ಲಿ ಬಡ ನೆಂಟನಿಗೆ ಕೊನೆಯ ಎಲೆ ಹಾಕುವ ಹಾಗೆ.

ಎಂಟು ವರ್ಷಕ್ಕೆ ದುಡಿಮೆಗಿಳಿದವನು

ಮಿಡ್ ಲ್ಯಾನಾರ್ಕಿನ ಲಿಬರಲ್ ಸದಸ್ಯ ಸ್ಟೀಫನ್ ಮೇಸನ್ ರಾಜೀನಾಮೆ ಕೊಟ್ಟಾಗ ಆ ಸ್ಥಾನ ತೆರವಾಯಿತು. ಆಗ ತನ್ನ ಹೆಸರು ಮುಂದಿಟ್ಟವನು ಜೇಮ್ಸ್ ಕೀರ್ ಹಾರ್ಡಿ. ವಯಸ್ಸು 31. ಅದೇ ಜಿಲ್ಲೆಯಲ್ಲಿ 1856ರಲ್ಲಿ ಹುಟ್ಟಿದವನು. ತಾಯಿ ಮನೆಗೆಲಸದವಳು. ಎಂಟನೆಯ ವಯಸ್ಸಿಗೆ ದುಡಿಮೆ ಆರಂಭ. ಬ್ರೆಡ್ಡಿನ ಅಂಗಡಿಯಲ್ಲಿ ಓಡಾಡುವ ಹುಡುಗನಾಗಿದ್ದಾಗ ತಡವಾಗಿ ಬಂದನೆಂದು ಧಣಿ ಕೆಲಸದಿಂದ ತೆಗೆದ. ಹತ್ತನೆಯ ವಯಸ್ಸಿಗೆ ಗಣಿಗೆ ಇಳಿದು, ಗಾಳಿ ಆಡಲೆಂದು ಇಟ್ಟ ಬಾಗಿಲನ್ನು ಕತ್ತಲಲ್ಲಿ ಕುಳಿತು ತೆಗೆಯುವ ಮುಚ್ಚುವ ಕೆಲಸ. ಶಾಲೆಯ ಭಾಗ್ಯ ಇಲ್ಲ. ಓದು ಕಲಿಸಿದವಳು ತಾಯಿ. ಸಂಘ ಕಟ್ಟಲು ಹೊರಟದ್ದಕ್ಕೆ ಒಡೆಯರು ಅವನ ಹೆಸರನ್ನು ಕರಿಪಟ್ಟಿಗೆ ಸೇರಿಸಿದರು. ನೆರೆಯ ಏರ್‌ಷೈರ್ ಜಿಲ್ಲೆಗೆ ಹೋಗಿ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದ. 1886ರಲ್ಲಿ ಅಲ್ಲಿನ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದ. 1887ರಲ್ಲಿ ‘ಮೈನರ್’ ಎಂಬ ಮಾಸಪತ್ರಿಕೆ ಹೊರಡಿಸಿದ.

ಅವನ ಬೇಡಿಕೆಗಳು ಆಕಾಶದಿಂದ ಇಳಿದವಲ್ಲ. ಗಣಿಯಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು. ಅಪಘಾತಕ್ಕೆ ಸಿಕ್ಕವರಿಗೆ ವಿಮೆಯ ನಿಧಿ ಬೇಕು. ನೆಲದೊಡೆಯರು ತಿನ್ನುವ ರಾಜಧನ ರಾಷ್ಟ್ರದ್ದಾಗಬೇಕು. ಐರ್ಲೆಂಡಿಗೆ ಸ್ವರಾಜ್ಯ ಕೊಡಬೇಕೆಂಬ ಗ್ಲ್ಯಾಡ್‌ಸ್ಟನ್ನರ ನೀತಿಗೂ ಅವನ ಬೆಂಬಲವಿತ್ತು. ಎಂದರೆ ಆ ವೇಳೆಗೆ ಅವನು ಲಿಬರಲರ ಶತ್ರುವಾಗಿರಲಿಲ್ಲ. ಅವರ ಸ್ಥಳೀಯ ಸಂಘಕ್ಕೇ ತನ್ನ ಹೆಸರನ್ನು ಸೂಚಿಸಿದ್ದ. ಗಣಿಗಾರರ ಕ್ಷೇತ್ರಕ್ಕೆ ಗಣಿಗಾರನನ್ನು ಕೊಡಿ ಎಂದು ಕೇಳಿದ್ದ.

ಸಂಘದವರು ಯಾರನ್ನು ಆರಿಸಿದರು? ಜಾನ್ ವಿನ್‌ಫರ್ಡ್ ಫಿಲಿಪ್ಸ್ ಎಂಬ ವೇಲ್ಸ್ ದೇಶದ ಮನೆತನಸ್ಥ, ಬ್ಯಾರಿಸ್ಟರ್. ಊರು ಅವನದಲ್ಲ, ಗಣಿ ಅವನಿಗೆ ಗೊತ್ತಿಲ್ಲ. ಆದರೆ ಜೇಬು ಗಟ್ಟಿ. ಗಾಳಿ ಎತ್ತ ಬೀಸುತ್ತಿದೆಯೆಂದು ಕಂಡ ಹಾರ್ಡಿ ಲಿಬರಲ್ ಸಂಘದಿಂದ ತನ್ನ ಹೆಸರನ್ನು ಹಿಂತೆಗೆದುಕೊಂಡು ಕಾರ್ಮಿಕರ ಸ್ವತಂತ್ರ ಉಮೇದುವಾರನಾಗಿ ನಿಂತ.

ಮುನ್ನೂರು ಪೌಂಡಿನ ಆಸೆ

ಆಗ ದೊಡ್ಡವರ ಓಡಾಟ ಆರಂಭವಾಯಿತು. ಹಾರ್ಡಿ ಮುಂದೆ ತಾನೇ ಹೇಳಿದಂತೆ, ಲಿಬರಲ್ ಪಕ್ಷದ ಸಂಘಟಕ ಷ್ನಾಡ್‌ಹಾರ್ಸ್ಟ್ ಕಡೆಯಿಂದ ಮಾತು ಬಂತು. ಕೊನೆಗೆ ಹಿರಿಯ ಮುಖಂಡ ಸರ್ ಜಾರ್ಜ್ ಟ್ರೆವೆಲ್ಯಾನ್ ಅವನನ್ನು ಕಂಡ. ಈಗ ಹಿಂದೆ ಸರಿ. ಬರುವ ಸಾರ್ವತ್ರಿಕ ಚುನಾವಣೆಯಲ್ಲಿ ನಿನಗೊಂದು ಸೀಟು ಕೊಡುತ್ತೇವೆ, ಖರ್ಚು ನಮ್ಮದು. ಸದಸ್ಯನಾಗಿರುವಷ್ಟು ಕಾಲ ವರ್ಷಕ್ಕೆ 300 ಪೌಂಡು. ಗಣಿ ಕೂಲಿಯವನೊಬ್ಬನ ವರ್ಷದ ಗಳಿಕೆಗಿಂತ ಇದು ಹಲವು ಪಟ್ಟು. ಹೆಂಡತಿ ಮಕ್ಕಳಿರುವ, ಕರಿಪಟ್ಟಿಗೆ ಬಿದ್ದ ಮನುಷ್ಯನಿಗೆ ಇದು ಸಣ್ಣ ಆಸೆಯೇ? ಹಾರ್ಡಿ ಒಲ್ಲೆನೆಂದ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಮಾತುಕತೆಯಲ್ಲಿ ಲಂಚವೆನ್ನುವಂಥದ್ದು ಹೊರನೋಟಕ್ಕೆ ಏನೂ ಇರಲಿಲ್ಲ. ಅವನನ್ನು ಪಾರ್ಲಿಮೆಂಟಿಗೇ ಕಳಿಸುತ್ತೇವೆಂದರು. ಕಾರ್ಮಿಕರ ಪರವಾಗಿಯೇ ಮಾತಾಡು ಎಂದೂ ಹೇಳಿರಬಹುದು. ಹಾಗಾದರೆ ಒಪ್ಪಿದ್ದರೆ ನಷ್ಟವೇನಿತ್ತು? ನಷ್ಟ ಇದ್ದದ್ದು ಇಲ್ಲಿ: ಸೀಟು ಹಾರ್ಡಿಗೆ ಬರುತ್ತಿತ್ತು, ಕಾರ್ಮಿಕರಿಗೆ ಬರುತ್ತಿರಲಿಲ್ಲ. ಕೊಟ್ಟವನು ಬೇಡವೆಂದ ದಿನ ತೆಗೆದುಕೊಳ್ಳಬಹುದಾದ ಸೀಟು ಅದು. ಒಬ್ಬನನ್ನು ಮೇಲಕ್ಕೆ ಎತ್ತಿಕೊಂಡರೆ ಕೆಳಗಿನ ಸಾವಿರ ಜನ ಸುಮ್ಮನಿರುತ್ತಾರೆಂಬ ಲೆಕ್ಕ ಎಲ್ಲ ದೇಶದ ಧಣಿಗಳಿಗೂ ಗೊತ್ತಿದೆ. ಗದ್ದಲ ಮಾಡುವ ಕೂಲಿಯವನನ್ನು ಮುಕದ್ದಮನನ್ನಾಗಿ ಮಾಡುವುದನ್ನು ಗಿರಣಿಯ ಬಂಧುಗಳು ಕಾಣದವರೇ?

ಆಸೆಗೆ ಬಗ್ಗದವನ ಮೇಲೆ ಅಪವಾದ ಬಂತು. ಇವನು ಲಿಬರಲ್ ಓಟು ಒಡೆಯಲು ಟೋರಿಗಳು ನಿಲ್ಲಿಸಿದ ಮನುಷ್ಯ, ಟೋರಿಗಳ ಚಿನ್ನ ತಿಂದವನು ಎಂಬ ಪಿಸುಮಾತು ಹಬ್ಬಿತು. ಹೊರಗಿನ ಕೆಲವು ಸ್ನೇಹಿತರು ಹಣ ಕೂಡಿಸಿಕೊಟ್ಟದ್ದು ನಿಜ. ಹಿಂದೆ ಸೈನ್ಯದ ಅಧಿಕಾರಿಯಾಗಿದ್ದು ಸಮಾಜವಾದಿಯಾದ ಚಾಂಪಿಯನ್ ಎಂಬಾತ ಅವರಲ್ಲೊಬ್ಬ. ಅವನಿಗೆ ಟೋರಿಗಳ ಪರಿಚಯ ಇದ್ದುದರಿಂದ ಪಿಸುಮಾತಿಗೆ ಎಡೆ ಸಿಕ್ಕಿತು. ಇದರಲ್ಲೂ ನಮಗೊಂದು ಪಾಠವಿದೆ. ಬಡವರ ಪಕ್ಷದ ಹಣದ ಪುಸ್ತಕ ಎಲ್ಲರಿಗೂ ಕಾಣುವಂತೆ ತೆರೆದಿರಬೇಕು. ನಾಲ್ಕಾಣೆಯಾದರೂ ಕೂಲಿಯವನ ಕೈಯಿಂದ ಬಂದ ನಾಲ್ಕಾಣೆಯಾಗಿರಬೇಕು.

ಎಣಿಕೆಯ ದಿನ

ಈಗ ಫಲಿತಾಂಶ. ನಾವು ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಆದ್ದರಿಂದ ಕಪ್ಪುಹಲಗೆಯ ಮೇಲೆ ಬರೆದಂತೆ ಬರೆಯುತ್ತೇವೆ.

ಫಿಲಿಪ್ಸ್, ಲಿಬರಲ್: 3,847.
ಬೌಸ್‌ಫೀಲ್ಡ್, ಟೋರಿ: 2,917.
ಕೀರ್ ಹಾರ್ಡಿ, ಕಾರ್ಮಿಕ: 617.

ಒಟ್ಟು 7,381 ಓಟಿನಲ್ಲಿ 617. ನೂರಕ್ಕೆ ಎಂಟು ಚಿಲ್ಲರೆ. ನಮ್ಮ ದೇಶದ ಇಂದಿನ ಕಾನೂನಿನಂತೆ ಆರರಲ್ಲೊಂದು ಭಾಗಕ್ಕಿಂತ ಹೆಚ್ಚು ಓಟು ಬಾರದವನು ಠೇವಣಿ ಕಳೆದುಕೊಳ್ಳುತ್ತಾನೆ. ಆ ಲೆಕ್ಕದಲ್ಲಿ ಹಾರ್ಡಿಗೆ 1,230ಕ್ಕಿಂತ ಹೆಚ್ಚು ಓಟು ಬೇಕಾಗಿತ್ತು. ಬಂದದ್ದು ಅದರ ಅರ್ಧ. ಗಣಿಗಾರರ ಕ್ಷೇತ್ರದಲ್ಲಿ ಗಣಿಗಾರನಿಗೆ ಠೇವಣಿ ಇಲ್ಲ! ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಣಿಗಾರರಲ್ಲೇ ಬಹುಮಂದಿ ಅವನಿಗೆ ಓಟು ಹಾಕಲಿಲ್ಲ.

ಏಕೆ ಹಾಕಲಿಲ್ಲ? ಅವರು ಮೂರ್ಖರೆಂದು ಹೇಳುವುದು ಸುಲಭ, ಆದರೆ ಅದು ಸುಳ್ಳು. ಗಣಿಗಳಲ್ಲಿ ಐರ್ಲೆಂಡಿನಿಂದ ಬಂದ ಕೂಲಿಗಾರರು ಬಹಳ. ತಮ್ಮ ತಾಯ್ನಾಡಿನ ಸ್ವರಾಜ್ಯಕ್ಕಾಗಿ 1886ರಲ್ಲಿ ಮಸೂದೆ ತಂದವನು ಗ್ಲ್ಯಾಡ್‌ಸ್ಟನ್. ಅದರಿಂದ ಅವನ ಪಕ್ಷವೇ ಒಡೆದುಹೋಗಿತ್ತು. ಆ ಋಣವನ್ನು ಐರಿಷ್ ಜನ ಮರೆಯಲಿಲ್ಲ. ಪರಾಧೀನ ನಾಡಿನಲ್ಲಿ ಹುಟ್ಟಿದವರ ಮಕ್ಕಳಾದ ನಾವು ಅವರನ್ನು ಹೇಗೆ ದೂರೋಣ? ಅವರಿಗೆದುರಾಗಿ ಸ್ಕಾಟ್ ಪ್ರಾಟೆಸ್ಟೆಂಟ್ ಕೂಲಿಗಾರರಲ್ಲಿ ಕೆಲವರು ಐರಿಷರ ಮೇಲಿನ ದ್ವೇಷಕ್ಕೇ ಟೋರಿಗಳಿಗೆ ಓಟು ಹಾಕುವವರು. ಒಂದೇ ಗಣಿಯಲ್ಲಿ ಇಳಿದು ಒಂದೇ ಧೂಳು ಕುಡಿದವರು ಮೇಲೆ ಬಂದ ಕೂಡಲೇ ಬೇರೆ ಬೇರೆ ದೇವಸ್ಥಾನದವರಾಗುತ್ತಿದ್ದರು. ಇನ್ನು ಕಾರ್ಮಿಕ ಸಂಘ ಆ ಜಿಲ್ಲೆಯಲ್ಲಿ ಆಗ ಬಲಹೀನ. 1887ರ ಸೋಲಿನಿಂದ ಎದ್ದಿರಲಿಲ್ಲ. ಸಂಘ ಇಲ್ಲದ ಕಡೆ ಓಟು ಕೇಳಿದರೆ ಉಳದ ಹೊಲದಲ್ಲಿ ಬಿತ್ತಿದ ಹಾಗೆಯೇ.

ಇನ್ನೊಂದು ಲೆಕ್ಕ ಗಮನಿಸಿರಿ. ಹಾರ್ಡಿ ನಿಂತರೆ ಟೋರಿ ಗೆಲ್ಲುತ್ತಾನೆಂದು ಹೆದರಿಸಿದರಲ್ಲ, ಆದದ್ದೇನು? ಹಾರ್ಡಿಯ ಓಟು ಅಷ್ಟೂ ಹೋದರೂ ಲಿಬರಲ್ ಉಮೇದುವಾರ 930 ಓಟಿನಿಂದ ಗೆದ್ದ. ಹೆದರಿಕೆ ಹುಸಿ. ಎಲ್ಲ ಕಡೆಯೂ ಹುಸಿಯೆಂದು ನಾವು ಹೇಳುವುದಿಲ್ಲ. ಮೂರನೆಯವನು ನಿಂತದ್ದರಿಂದ ಕೆಟ್ಟವನು ಗೆದ್ದ ಉದಾಹರಣೆ ಇಲ್ಲದಿಲ್ಲ. ಆದರೆ ಒಡೆಯುವವರು ಯಾರೆಂಬುದನ್ನೂ ನೋಡಬೇಕು. 1870ರಲ್ಲಿ ಲಂಡನ್ನಿನ ಸದರ್ಕ್ ಕ್ಷೇತ್ರದಲ್ಲಿ ಉಪಚುನಾವಣೆ. ಜಾರ್ಜ್ ಓಡ್ಜರ್ ಎಂಬ ಜೋಡು ಹೊಲಿಯುವವನು ಕಾರ್ಮಿಕರ ಪರವಾಗಿ ನಿಂತ. ಲಿಬರಲರು ಸುಮ್ಮನಿದ್ದರೆ ಗೆಲ್ಲುತ್ತಿದ್ದ. ಅವರು ವಾಟರ್‌ಲೋ ಎಂಬ ಶ್ರೀಮಂತನನ್ನು ಎದುರು ನಿಲ್ಲಿಸಿದರು. ಟೋರಿಗೆ 4,686, ಓಡ್ಜರನಿಗೆ 4,382, ವಾಟರ್‌ಲೋಗೆ 2,966. ಕೇವಲ 304 ಓಟಿನಿಂದ ಜೋಡಿನವನು ಸೋತ, ಟೋರಿ ಗೆದ್ದ. ಅಂದು ಓಟು ಒಡೆದವರು ಯಾರು? ಬಡವ ನಿಂತರೆ ಓಟು ಒಡೆಯಿತು, ಶ್ರೀಮಂತ ನಿಂತರೆ ಪ್ರಜಾಪ್ರಭುತ್ವ! ಈ ನ್ಯಾಯ ಹೇಗಿದೆ ನೋಡಿ.

ಮರುದಿನದ ಕೆಲಸ

ಈಗ ನಮ್ಮ ಮುಖ್ಯ ಪ್ರಶ್ನೆ. ಆ 617 ಓಟುಗಳು ಹಾಳಾದವೇ?

ಎಣಿಕೆ ಮುಗಿದ ರಾತ್ರಿಯೇ ಕಥೆ ಮುಗಿದಿದ್ದರೆ ಹಾಳಾದವೆಂದೇ ಒಪ್ಪಬೇಕಾಗಿತ್ತು. ಹಾಗಾಗಲಿಲ್ಲ. ಏಪ್ರಿಲಿನಲ್ಲಿ ಸೋತವರು ಮೇ ತಿಂಗಳಲ್ಲಿ ಗ್ಲಾಸ್ಗೋದಲ್ಲಿ ಸಭೆ ಸೇರಿದರು. ಆಗಸ್ಟ್ 25ರಂದು ಸ್ಕಾಟಿಷ್ ಲೇಬರ್ ಪಕ್ಷ ಹುಟ್ಟಿತು. ಕನಿಂಗ್‌ಹ್ಯಾಮ್ ಗ್ರಹಾಮ್ ಅಧ್ಯಕ್ಷ, ಹಾರ್ಡಿ ಕಾರ್ಯದರ್ಶಿ. 1892ರಲ್ಲಿ ಲಂಡನ್ನಿನ ಪಕ್ಕದ ವೆಸ್ಟ್ ಹ್ಯಾಮ್‌ನಿಂದ ಹಾರ್ಡಿ ಪಾರ್ಲಿಮೆಂಟಿಗೆ ಗೆದ್ದ. 1893ರಲ್ಲಿ ಬಟ್ಟೆ ಗಿರಣಿಗಳ ಊರಾದ ಬ್ರ್ಯಾಡ್‌ಫರ್ಡಿನಲ್ಲಿ ಸ್ವತಂತ್ರ ಲೇಬರ್ ಪಕ್ಷ ಸ್ಥಾಪನೆಯಾಯಿತು. 1894ರಲ್ಲಿ ಅದೇ ಮಿಡ್ ಲ್ಯಾನಾರ್ಕಿನಲ್ಲಿ ಮತ್ತೆ ಉಪಚುನಾವಣೆ ಬಂದಾಗ ರಾಬರ್ಟ್ ಸ್ಮೈಲಿ ಎಂಬ ಗಣಿಗಾರ ನಿಂತ. ಅವನಿಗೆ 1,221 ಓಟು. ಅವನೂ ಸೋತ. ಆದರೆ 617 ಎಂಬುದು ಆರು ವರ್ಷದಲ್ಲಿ ಸುಮಾರು ಇಮ್ಮಡಿಯಾಗಿತ್ತು.

ದಾರಿ ನೇರವಾಗಿತ್ತೆಂದು ಯಾರೂ ಭಾವಿಸಬಾರದು. 1895ರ ಸಾರ್ವತ್ರಿಕ ಚುನಾವಣೆಯಲ್ಲಿ ಸ್ವತಂತ್ರ ಲೇಬರ್ ಪಕ್ಷ 28 ಜನರನ್ನು ನಿಲ್ಲಿಸಿತು. 28 ಜನರೂ ಸೋತರು. ಹಾರ್ಡಿಯೂ ಸೋತ. ಸಮಾಧಿ ಕಟ್ಟಿದೆವೆಂದು ದೊಡ್ಡ ಪತ್ರಿಕೆಗಳು ಸಂತೋಷಪಟ್ಟವು. ಐದು ವರ್ಷದ ಮೇಲೆ, 1900ರಲ್ಲಿ, ಕಾರ್ಮಿಕ ಸಂಘಗಳೂ ಸಮಾಜವಾದಿಗಳೂ ಕೂಡಿ ಲಂಡನ್ನಿನಲ್ಲಿ ಕಾರ್ಮಿಕ ಪ್ರಾತಿನಿಧ್ಯ ಸಮಿತಿಯನ್ನು ಸ್ಥಾಪಿಸಿದರು. ಆ ವರ್ಷ ಗೆದ್ದವರು ಇಬ್ಬರು. 1906ರಲ್ಲಿ 29 ಜನ. ಲೇಬರ್ ಪಕ್ಷವೆಂಬ ಹೆಸರು ಬಂದದ್ದು ಆಗಲೇ.

1906ರ ಆ ಗೆಲುವಿನ ಹಿಂದೆ ಒಂದು ಗುಟ್ಟಿತ್ತು. ಅದನ್ನೂ ಹೇಳಿಬಿಡುತ್ತೇವೆ. 1903ರಲ್ಲಿ ಲಿಬರಲರು ಲೇಬರ್ ಮುಖಂಡರೊಡನೆ ಗೋಪ್ಯವಾಗಿ ಒಪ್ಪಂದ ಮಾಡಿಕೊಂಡು ಸುಮಾರು 30 ಕ್ಷೇತ್ರಗಳನ್ನು ಬಿಟ್ಟುಕೊಟ್ಟರು. “ಹಾಗಾದರೆ 1888ರಲ್ಲೇ ಒಪ್ಪಬಹುದಿತ್ತಲ್ಲ, ಕೊನೆಗೆ ಮಾಡಿದ್ದು ಅದನ್ನೇ” ಎಂದು ಬುದ್ಧಿವಂತರು ಹೇಳಬಹುದು. ನಾವು ಹೇಳುವುದು ಅದರ ತಿರುಗು ಮುರುಗು. 1888ರಲ್ಲಿ ಬಂದ ಕೊಡುಗೆ ಒಬ್ಬ ಮನುಷ್ಯನಿಗೆ ಒಂದು ಸೀಟು, 300 ಪೌಂಡು, ಅದೂ ಬಾಯಿ ಮಾತಿನಲ್ಲಿ. 15 ವರ್ಷದ ಮೇಲೆ ಬಂದದ್ದು ಒಂದು ಪಕ್ಷಕ್ಕೆ 30 ಸೀಟು. ಬೆಲೆ ಹೀಗೆ ಏರಿದ್ದು ಲಿಬರಲರ ಔದಾರ್ಯದಿಂದಲ್ಲ. ನಡುವೆ ನಿಂತು ನಿಂತು ಸೋತವರಿಂದ. ಪೇಟೆಯಲ್ಲಿ ಕುಳಿತ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲಕ್ಕೆ ಕುತ್ತಿಗೆ ಕೊಟ್ಟು ಸುಗ್ಗಿಯ ದಿನವೇ ಮಾಲು ಮಾರುವವನಿಗೆ ದಲಾಲಿ ಹೇಳಿದ್ದೇ ಬೆಲೆ. ಮಾಲನ್ನು ಮನೆಗೆ ಹೊತ್ತುಕೊಂಡು ಹೋಗಬಲ್ಲವನಿಗೆ ಮಾತ್ರ ನ್ಯಾಯವಾದ ಬೆಲೆ. ಓಟಿನ ವ್ಯವಹಾರವೂ ಹಾಗೆಯೇ. ಕೊಡದೆ ಇರಬಲ್ಲೆ ಎಂದು ಒಮ್ಮೆ ತೋರಿಸಿದವನ ಓಟಿಗೆ ಬೆಲೆ ಬರುತ್ತದೆ.

ಇನ್ನು ಬೇಡಿಕೆಗಳು ಏನಾದವು? ಗಣಿಯಲ್ಲಿ ಎಂಟು ಗಂಟೆಯ ದುಡಿಮೆ 1908ರಲ್ಲಿ ಕಾನೂನಾಯಿತು. 1911ರಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ವರ್ಷಕ್ಕೆ 400 ಪೌಂಡು ಸಂಬಳ ಬಂತು. ಇವೆರಡನ್ನೂ ಮಾಡಿದ್ದು ಲಿಬರಲ್ ಸರಕಾರವೇ. ಆದರೆ ಮೊಣಕೈಯ ಬದಿಗೆ ಲೇಬರ್ ಸದಸ್ಯರು ಕೂತ ಮೇಲೆ. ನೆಲದಡಿಯ ಕಲ್ಲಿದ್ದಲನ್ನು ರಾಷ್ಟ್ರದ್ದಾಗಿ ಮಾಡುವ ಕಾನೂನು 1938ರಲ್ಲಿ ಬಂತು. 1947ರ ಜನವರಿ 1ರಂದು ಗಣಿಗಳೇ ರಾಷ್ಟ್ರದ ವಶವಾದವು. ಆಗ ಆಳುತ್ತಿದ್ದುದು ಲೇಬರ್ ಪಕ್ಷ. ಅದೇ ವರ್ಷ ಅದೇ ಸರಕಾರದ ಕಾಲದಲ್ಲಿ ನಮ್ಮ ದೇಶ ಸ್ವತಂತ್ರವಾಯಿತು. 1894ರಲ್ಲಿ ಸೋತ ಸ್ಮೈಲಿಯನ್ನೂ ಮರೆಯಬಾರದು. 1919ರಲ್ಲಿ ಗಣಿಗಳ ವಿಚಾರಣೆಗೆಂದು ನೇಮಿಸಿದ ಸರಕಾರಿ ಆಯೋಗದ ಸದಸ್ಯನಾಗಿ ಕುಳಿತು, ಈ ಕಲ್ಲಿದ್ದಲು ನಿಮ್ಮದಾದದ್ದು ಯಾವ ಹಕ್ಕಿನಿಂದ ಎಂದು ಡ್ಯೂಕರನ್ನೇ ನಿಲ್ಲಿಸಿ ಕೇಳಿದವನು ಅವನು.

ಗೆದ್ದ ಫಿಲಿಪ್ಸ್ ಏನಾದ? ಗಣಿಗೆ ಎಂಟು ಗಂಟೆಯ ಕಾನೂನು ಬಂದ 1908ರಲ್ಲೇ ಅವನಿಗೆ ಪ್ರಭು ಪದವಿ ಬಂತು. ಸೇಂಟ್ ಡೇವಿಡ್ಸ್ ಪ್ರಭುವೆಂಬ ಹೆಸರಿನಿಂದ ಶ್ರೀಮಂತರ ಸಭೆಗೆ ಹೋದ. ಅವನಿಗೆ ಬಿದ್ದ 3,847 ಓಟಿನ ಬೆಳೆ ಅದು. ಯಾವ ಓಟು ಹಾಳಾಯಿತೆಂದು ವಾಚಕರೇ ತೀರ್ಮಾನಿಸಲಿ.

ನಮ್ಮ ದೇಶದ ನಂಟು

ಈ ಸೋತ ಮನುಷ್ಯನಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 1907ರಲ್ಲಿ ಹಾರ್ಡಿ ಹಿಂದೂಸ್ಥಾನಕ್ಕೆ ಬಂದ. ವಂಗಭಂಗದ ಬೆಂಕಿ ಆರಿರದ ಕಾಲ. ಬಂಗಾಳದಲ್ಲಿ ತಿರುಗಾಡಿ, ಕೆನಡಾದ ಜನಕ್ಕಿರುವ ಸ್ವರಾಜ್ಯ ಈ ಜನಕ್ಕೂ ಬೇಕೆಂದು ಹೇಳಿದ. ಇಂಗ್ಲೆಂಡಿನ ಪತ್ರಿಕೆಗಳು ರಾಜದ್ರೋಹಿಯೆಂದು ಅವನ ಮೇಲೆ ಹರಿಹಾಯ್ದವು. ಆಗ ಹಿಂದೂಸ್ಥಾನದ ಮಂತ್ರಿಯಾಗಿದ್ದವನು ಜಾನ್ ಮಾರ್ಲೆ, ಲಿಬರಲರಲ್ಲಿ ದೊಡ್ಡ ತತ್ತ್ವಜ್ಞಾನಿ. ದುಡಿಮೆಯ ಗಂಟೆಯನ್ನು ಕಾನೂನಿನಿಂದ ಕಟ್ಟಬಾರದೆಂದು ಕೂಲಿಗಾರರಿಗೆ ಹಿಂದೆ ಉಪದೇಶ ಮಾಡಿದವನೂ ಅವನೇ. ಅವನ ಅಧಿಕಾರದ ಕಾಲದಲ್ಲೇ ಲಾಲಾ ಲಜಪತರಾಯರನ್ನು ವಿಚಾರಣೆಯಿಲ್ಲದೆ ಮಂಡಾಲೆಗೆ ಕಳಿಸಿದರು. 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆಯಾಯಿತು. ಅದಕ್ಕೆ ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಗಿರಣಿ ನಿಲ್ಲಿಸಿ ಉತ್ತರ ಕೊಟ್ಟರು. ಲ್ಯಾನಾರ್ಕಿನ ಗಣಿಗಾರನಿಗೆ ಸ್ವಲ್ಪ ತಾಳು ಎಂದವರೇ ಹಿಂದೂಸ್ಥಾನಕ್ಕೂ ಸ್ವಲ್ಪ ತಾಳು ಎಂದರು. ತಾಳಲಾರೆ ಎಂದವನೇ ಇಬ್ಬರಿಗೂ ಸ್ನೇಹಿತನಾದ.

ಎಚ್ಚರಿಕೆಯ ಮಾತು

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. 1888ರಲ್ಲಿ ಹಾರ್ಡಿಗೆ ಬೆಂಬಲದ ಕಾಗದ ಬರೆದ ಯುವಕರಲ್ಲಿ ಒಬ್ಬ ರಾಮ್ಸೆ ಮ್ಯಾಕ್‌ಡೊನಾಲ್ಡ್. 1924ರಲ್ಲಿ ಅವನೇ ಮೊದಲ ಲೇಬರ್ ಪ್ರಧಾನಿಯಾದ. 1931ರಲ್ಲಿ ನಿರುದ್ಯೋಗಿಗಳ ಭತ್ಯೆ ಕಡಿಯುವ ಪ್ರಶ್ನೆ ಬಂದಾಗ ಸ್ವಂತ ಪಕ್ಷವನ್ನು ಬಿಟ್ಟು ಟೋರಿಗಳ ಮತ್ತು ಲಿಬರಲರ ಜೊತೆ ಸರಕಾರ ಮಾಡಿ ಪ್ರಧಾನಿಯಾಗಿಯೇ ಉಳಿದ. ಹಾರ್ಡಿಗೆ ತೋರಿಸಿದ ಆಸೆ 43 ವರ್ಷದ ಮೇಲೆ ಬೇರೆ ವೇಷದಲ್ಲಿ ಬಂದಾಗ ಗೆದ್ದಿತು. ಸ್ವಂತ ಪಕ್ಷ ಕಟ್ಟಿದರೆ ಸಾಲದು, ಕಟ್ಟಿದವರ ಮೇಲೆ ಕಾರ್ಮಿಕರ ಕಣ್ಣು ಸದಾ ಇರಬೇಕು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಸೋತ ಓಟೆಲ್ಲವೂ ಸಾರ್ಥಕವೆಂದು ನಾವು ಹೇಳುವುದಿಲ್ಲ. ಚುನಾವಣೆಯ ಹದಿನೈದು ದಿನ ಬಾವುಟ ಹಿಡಿದು ಕೂಗಿ, ಎಣಿಕೆಯ ಮರುದಿನ ಬಾಗಿಲು ಹಾಕಿಕೊಳ್ಳುವ ಪಕ್ಷಕ್ಕೆ ಬಿದ್ದ ಓಟು ಖಂಡಿತ ಹಾಳು. ಯಾರದೋ ಹಣದಿಂದ ಯಾರದೋ ಓಟು ಒಡೆಯಲು ನಿಂತವನಿಗೆ ಬಿದ್ದ ಓಟೂ ಹಾಳು. ಬಂಧುಗಳೇ, ಓಟು ಕೇಳಲು ಬಂದ ಯಾರನ್ನೇ ಆಗಲಿ, ನಮ್ಮನ್ನೂ ಸೇರಿಸಿ, ಮೂರು ಪ್ರಶ್ನೆ ಕೇಳಿರಿ. ನಿನ್ನ ಹಣ ಎಲ್ಲಿಂದ ಬಂತು? ನನ್ನ ಕೂಲಿ, ನನ್ನ ಅಂಗಡಿ, ನನ್ನ ಮನೆಯ ಬಗ್ಗೆ ನೀನು ಬರೆದುಕೊಡುವ ಮಾತೇನು? ಸೋತರೆ ಮರುದಿನ ಎಲ್ಲಿ ಸಿಗುತ್ತೀ? ಮೂರಕ್ಕೂ ನೇರ ಉತ್ತರ ಕೊಟ್ಟವನು ಸೋಲುತ್ತಾನೆಂದು ತಿಳಿದಿದ್ದರೂ ಅವನಿಗೆ ಓಟು ಹಾಕಿರಿ. ಅದು ಬೀಜಕ್ಕೆ ಇಟ್ಟ ಕಾಳು. ಉಂಡು ಮುಗಿಸಿದ ಕಾಳಿಗಿಂತ ಅದರ ಲೆಕ್ಕ ಬೇರೆ.

ಆದರೆ ಬಿತ್ತಿದವನು ಮಳೆ ನೋಡುತ್ತ ಕುಳಿತರೆ ಬೆಳೆ ಬಾರದು. ಆ 617 ಜನರ ಹೆಸರು ಯಾವ ಇತಿಹಾಸದಲ್ಲಿಯೂ ಇಲ್ಲ. ಗುಪ್ತ ಮತದಾನವಾದ್ದರಿಂದ ಅವರು ಯಾರೆಂದು ಪಕ್ಕದ ಮನೆಯವರಿಗೂ ಗೊತ್ತಾಗಿರಲಿಕ್ಕಿಲ್ಲ. ಆ ಹೆಸರಿಲ್ಲದವರ ಬಲದ ಮೇಲೆಯೇ ಏಪ್ರಿಲಿನ ಸೋಲು ಆಗಸ್ಟಿನ ಪಕ್ಷವಾಯಿತು. ಸಂಘದ ಚಂದಾ, ವಾರದ ಸಭೆ, ಪಕ್ಕದವನಿಗೆ ಓದಿ ಹೇಳಿದ ಪತ್ರಿಕೆ, ಇವೇ ಅದರ ಗೊಬ್ಬರ. ಗೆಲ್ಲುವ ಕುದುರೆಯ ಮೇಲೆ ಹಣ ಕಟ್ಟುವುದು ಜೂಜುಗಾರನ ಬುದ್ಧಿ. ಮತದಾರನ ಕೆಲಸ ತನ್ನ ಕುದುರೆಗೆ ಹುಲ್ಲು ಹಾಕಿ ಸಾಕುವುದು.